ಕತ್ತರಿಸದ ಕಂಬಳಿಯ ಗುಡ್ಡ

ಕಜಖ್‌ರ ಹುಲ್ಲುಗಾವಲಿನ ಪಡುವಣ ಅಂಚಿನಲ್ಲಿ, ಪಾಳುಬಿದ್ದ ಗಡಿಕೋಟೆಯಿಂದ ಕುದುರೆಯ ಮೇಲೆ ಅರ್ಧ ದಿನದ ದಾರಿಯಲ್ಲಿ, ಒಂದು ಬೋಳುಗುಡ್ಡವಿದೆ. ಮರವಿಲ್ಲ, ಗೋರಿಯಿಲ್ಲ, ನೆತ್ತಿ ಮಾತ್ರ ಅಂಗಳದಷ್ಟು ಸಮತಟ್ಟು. ಸುತ್ತಲಿನವರು ಅದನ್ನು ಕತ್ತರಿಸದ ಕಂಬಳಿಯ ಗುಡ್ಡ ಎನ್ನುತ್ತಾರೆ.

ಹಿಂದೆ ಕಜಖ್‌ರು ತಮ್ಮ ದೊರೆಯಾದ ಖಾನನನ್ನು ಪಟ್ಟಕ್ಕೇರಿಸುವಾಗ ಬಿಳಿ ಕಂಬಳಿಯ ಮೇಲೆ ಕೂರಿಸುತ್ತಿದ್ದರು. ನಾಲ್ವರು ಹಿರಿಯರು ಮೂಲೆ ಹಿಡಿದು ಎತ್ತುತ್ತಿದ್ದರು. ಇಳಿಸಿದ ಮೇಲೆ ಆ ಕಂಬಳಿಯನ್ನು ಕತ್ತರಿಸಿ ಮನೆಗೊಂದು ತುಂಡು ಒಯ್ಯುವುದು ವಾಡಿಕೆ. ತುಂಡು ಒಯ್ದ ಮನೆ ಖಾನನನ್ನು ಒಪ್ಪಿದಂತೆ. ಆ ಹುಲ್ಲುಗಾವಲನ್ನು ದೂರದ ರಾಜಧಾನಿಯಿಂದ ಆಳುತ್ತಿದ್ದ ಸಾಮ್ರಾಜ್ಞಿ, ಕಜಖ್‌ರು ತಮ್ಮ ಖಾನನನ್ನು ತಮ್ಮ ಪದ್ಧತಿಯಂತೆ ತಾವೇ ಆರಿಸಲಿ ಎಂದು ಗಡಿಯ ಗವರ್ನರ್ ಕರ್ಪುಖಿನ್‌ಗೆ ಆಜ್ಞೆ ಕಳಿಸಿದಳು. ಅವನು ಆಜ್ಞೆಯನ್ನು ತಲೆಬಾಗಿ ಪಡೆದು, ತನ್ನ ಮೇಜಿನ ಮಾಂಸ ತಿಂದು ಬೆಳೆದ ತುರ್ಸುನ್ ಎಂಬವನನ್ನು ತಾನೇ ಆರಿಸಿದ. ಹಿರಿಯರ ಮಕ್ಕಳು ಆಗಲೇ ಅವನ ಕೋಟೆಯಲ್ಲಿ ಒತ್ತೆಯಾಗಿದ್ದರು. ಮುದುಕ ಸಾರ್ಸೆನನ ಒಬ್ಬನೇ ಮಗ ಎಸೆನ್ ಅಲ್ಲಿ ಮೂರು ಚಳಿಗಾಲ ಕಳೆದಿದ್ದ. ಮೂಲೆ ಹಿಡಿದು ಮೊದಲ ತುಂಡು ಕತ್ತರಿಸಿದರೆ ಮಗನನ್ನು ಬಿಡುವೆನೆಂದು ಗವರ್ನರ್ ಸಾರ್ಸೆನನಿಗೆ ಹೇಳಿ ಕಳಿಸಿದ.

ಖಾನನನ್ನು ಎತ್ತುವ ದಿನ ಆ ಬೋಳುಗುಡ್ಡದ ಸುತ್ತ ಬಂದೂಕಿನವರು ನಿಂತಿದ್ದರು. ತುರ್ಸುನ್ ಕುಡಿದು ಬಂದಿದ್ದ. ಕೂರುವ ಮುನ್ನ ಎಲ್ಲರೆದುರು ಗವರ್ನರನ ಕೈಗೆ ಮುತ್ತಿಟ್ಟ. ತೇವದ ಆ ಸದ್ದು ಮೂಲೆ ಹಿಡಿಯಲು ನಿಂತಿದ್ದ ಸಾರ್ಸೆನನಿಗೂ ಕೇಳಿತು. ಎತ್ತುವಾಗ ಪಕ್ಕದ ಮೂಲೆ ಹಿಡಿದಿದ್ದ ಹಿರಿಯ ಬೈಝಾಕ್ ಗೊಣಗಿದ: "ಏನು ಭಾರ ಅಣ್ಣಾ! ಗವರ್ನರನ ಅಡುಗೆಮನೆಯನ್ನೇ ಎತ್ತಿದ ಹಾಗಿದೆ." ಸಾರ್ಸೆನ್ ನಗಲಿಲ್ಲ. ಹಿಡಿದ ತನ್ನ ಕೈಯೂ ಅವನಿಗೆ ಹೇಸಿಗೆಯಾಗಿತ್ತು.

ಇಳಿಸಿದರು. ಕರ್ಪುಖಿನ್ ಚೂರಿ ಚಾಚಿದ. "ಕತ್ತರಿಸು ಮುದುಕಾ. ಮಗ ಕಾಯುತ್ತಿದ್ದಾನೆ." ಗಾಡಿಯಲ್ಲಿ ಎಸೆನ್ ಕುಳಿತಿದ್ದ, ಕಾಲಿಗೆ ಸರಪಳಿ. ಅಪ್ಪ ಚೂರಿ ಹಿಡಿದು ಬಗ್ಗಿ ಕಂಬಳಿಯ ಅಂಚಿಗೆ ಕೈ ಹಾಕಿದ್ದನ್ನು ಕಂಡು ಅವನು ಕೂಗಿದ:

"ಅಪ್ಪಾ, ಅದನ್ನು ನಮ್ಮ ಮನೆಗೆ ತರಬೇಡ."

ಸಾರ್ಸೆನ್ ಬಹಳ ಹೊತ್ತು ಬಗ್ಗಿಯೇ ಇದ್ದನಂತೆ. ಆಮೇಲೆ ಏನನ್ನೂ ಕತ್ತರಿಸದ ಚೂರಿಯನ್ನು ಹುಲ್ಲಿಗೆ ಒರೆಸಿ, ಗವರ್ನರನ ಬೂಟಿನ ಮುಂದೆ ಇಟ್ಟ. ಬೇರೆ ಯಾರೂ ಮುಂದೆ ಬರಲಿಲ್ಲ. ಗಾಡಿ ಕೋಟೆಗೆ ತಿರುಗಿತು. ಎಸೆನ್ ಮುಂದಿನ ವಸಂತವನ್ನು ಕಾಣಲಿಲ್ಲ. ಜನ ಕಂಬಳಿಯ ತುಂಡಿಗಾಗಿ ನೂಕಾಡಿದರೆಂದು ಗವರ್ನರ್ ಹಿಂದಿನ ದಿನವೇ ಬರೆದಿಟ್ಟಿದ್ದ ವರದಿ ರಾಜಧಾನಿ ತಲುಪಿತು. ಸಾಮ್ರಾಜ್ಞಿ ಸಂತೋಷಪಟ್ಟು ಖಾನನಿಗೆ ತುಪ್ಪಳದ ನಿಲುವಂಗಿ, ಗವರ್ನರನಿಗೆ ಪದಕ ಕಳಿಸಿದಳು. ಕಂಬಳಿ ಅಲ್ಲೇ ಮಳೆಗೆ ಹಿಮಕ್ಕೆ ಕೊಳೆಯಿತು. ನಾಯಿಗಳೂ ಅದರ ಮೇಲೆ ಮಲಗಲಿಲ್ಲ ಎನ್ನುತ್ತಾರೆ.

ಈಗಲೂ ಕುರಿಗಾರರು ಆ ನೆತ್ತಿಯ ಮೇಲೆ ಏನನ್ನೂ ಹಾಸುವುದಿಲ್ಲ. ರೊಟ್ಟಿಯನ್ನು ನಿಂತೇ ತಿನ್ನುತ್ತಾರೆ. ತಿಳಿಯದ ಹೊಸಬರು ಕೂರಲೆಂದು ಕಂಬಳಿ ಬಿಡಿಸಿದರೆ ಯಾರಾದರೊಬ್ಬ ಅಜ್ಜಿ ಹತ್ತಿರ ಬಂದು ಅದನ್ನು ಮಡಚಿ ಅವರ ಕೈಗೆ ಕೊಡುತ್ತಾಳೆ.