ಹೋಲ್ಡಾನ್

“ಗುರುಗಳೇ, ನಾಳೆ ಮೊದಲ ಸಲ ಊರಿನವರ ಮುಂದೆ ಪ್ರವಚನಕ್ಕೆ ಕೂರುತ್ತಿದ್ದೇನೆ. ಜನ ಎಷ್ಟೋ ಪದಗಳನ್ನು ತಪ್ಪು ಅರ್ಥದಲ್ಲಿ ಬಳಸುತ್ತಾರೆ. ನಾನು ಅವರ ಮಾತನ್ನೇ ಆಡಲೋ, ಸರಿಯಾದ ಮಾತನ್ನು ಆಡಲೋ?” ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಹುರುಪು ಬಂತು. ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತು ಹೇಳತೊಡಗಿದರು.

ಒಬ್ಬ ಬಸ್ ಕಂಡಕ್ಟರ್ ಇದ್ದ. ಬಸ್ ನಿಲ್ಲಿಸಬೇಕಾದಾಗ ಎಲ್ಲ ಕಂಡಕ್ಟರುಗಳಂತೆ ಅವನೂ ‘ಹೋಲ್ಡಾನ್’ ಎಂದು ಕೂಗುತ್ತಿದ್ದ. ಅವನಿಗೆ ಇಂಗ್ಲಿಷ್ ಕಲಿಯುವ ಹುಚ್ಚು ಹಿಡಿಯಿತು. ನಿಘಂಟು ತೆರೆದು ನೋಡಿದರೆ, ಹೋಲ್ಡಾನ್ ಎಂದರೆ ಗಟ್ಟಿಯಾಗಿ ಹಿಡಿದುಕೋ ಎಂದಿತ್ತು! ಅದರ ಕೆಳಗಿನ ಅರ್ಥ ಓದುವಷ್ಟು ತಾಳ್ಮೆ ಅವನಿಗಿರಲಿಲ್ಲ. ಇಷ್ಟು ವರ್ಷ ಹಿಡಿದುಕೋ, ಹಿಡಿದುಕೋ ಎಂದು ಅರಚಿದೆನಲ್ಲ ಎಂದು ನಾಚಿಕೆಯಾಯಿತು. ಇನ್ನು ಮೇಲೆ ‘ಸ್ಟಾಪ್’ ಎಂದೇ ಕೂಗುವುದೆಂದು ಪಣ ತೊಟ್ಟ. ಬಸ್ ಹೊರಡಿಸಲು ‘ರೈಟ್’ ಎನ್ನುವುದನ್ನು ಮಾತ್ರ ಬಿಡಲಿಲ್ಲ. ನಿಘಂಟಿನ ಆ ಪುಟವನ್ನು ಪುಣ್ಯಾತ್ಮ ಇನ್ನೂ ತೆರೆದಿರಲಿಲ್ಲ!

ಮರುದಿನ ಒಬ್ಬ ಮುದುಕಿ ಬುಟ್ಟಿ ಹೊತ್ತು ಬಸ್ಸಿನಿಂದ ಇಳಿದಳು. ಕಂಡಕ್ಟರ್ ಅವಸರದಲ್ಲಿ ಬಾಗಿಲು ಎಳೆದುಕೊಂಡು ರೈಟ್ ಎಂದುಬಿಟ್ಟ. ಬಸ್ ಹೊರಟಿತು. ಮುದುಕಿಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತ್ತು! ಬುಟ್ಟಿ ಉರುಳಿತು. ಮುದುಕಿ ಬಸ್ಸಿನ ಜೊತೆಗೇ ಓಡತೊಡಗಿದಳು. ಕಂಡಕ್ಟರ್ ಬಾಗಿಲು ತಳ್ಳಿದ. ಅದು ಬಿಗಿದು ಕೂತಿತ್ತು.

“ಸ್ಟಾಪ್! ಸ್ಟಾಪ್!” ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

“ಸ್ಟಾಪ್ ಹಳ್ಳ ದಾಟಿದ ಮೇಲಲ್ವೇನೋ ಮಾರಾಯ, ನನಗೆ ಗೊತ್ತಿಲ್ವಾ?” ಎಂದು ಡ್ರೈವರ್ ಗೇರ್ ಬದಲಿಸಿದ.

ಅವನಿಗೆ ಸ್ಟಾಪ್ ಎಂದರೆ ಜನ ಇಳಿಯುವ ಜಾಗ. ಬಸ್ಸಿನ ವೇಗ ಹೆಚ್ಚಿತು. ಕಂಡಕ್ಟರ್ ಇನ್ನೂ ಜೋರಾಗಿ ಸ್ಟಾಪ್ ಎಂದ. ಪಣ ತೊಟ್ಟ ನಾಲಿಗೆ ನೋಡು, ಬೇರೆ ಮಾತು ಹೊರಡಲೇ ಇಲ್ಲ! ಹೊರಗೆ ಮುದುಕಿಯ ಕಾಲು ಸೋಲುತ್ತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಅವಳು ಚಕ್ರದ ಕೆಳಗಿರುತ್ತಿದ್ದಳು. ಇಂಗ್ಲಿಷಿನ ಒಂದಕ್ಷರ ಬಾರದ ಆ ಮುದುಕಿ ಉಳಿದ ಉಸಿರನ್ನೆಲ್ಲ ಕೂಡಿಸಿ ಕಿರುಚಿದಳು:

“ಹೋಲ್ಡಾನ್!”

ಡ್ರೈವರನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಬಸ್ ನಿಂತಿತು! ಮುದುಕಿ ಬದುಕಿದಳು!

ಗುರುಗಳು ತೊಡೆ ತಟ್ಟಿ ನಕ್ಕರು. ಶಿಷ್ಯನೂ ನಕ್ಕ. ಆದರೂ ಅವನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ನಿಘಂಟಿನಲ್ಲಿ ಇದ್ದದ್ದು ಸುಳ್ಳೇ, ಗುರುಗಳೇ?”

“ಸುಳ್ಳಲ್ಲಪ್ಪಾ, ಆದರೆ ಬ್ರೇಕ್ ಇದ್ದದ್ದು ಡ್ರೈವರನ ಕಾಲ ಕೆಳಗೆ, ನಾಳೆ ನೀನು ಪ್ರವಚನಕ್ಕೆ ಕೂತಾಗಲೂ ಅಲ್ಲೇ ಇರುತ್ತದೆ.”