ಹೊಸ ಹೋರಿಗೆ ಜೋಡಿ

"ಅಜ್ಜಾರೇ, ಎಂದೂ ಬೈಕು ಓಡಿಸದವನು ಮೊದಲು ಎಂಥ ಬೈಕು ತೆಗೆದುಕೊಳ್ಳಬೇಕು?"

ಅಡಿವೆಯ್ಯ ಈ ಪ್ರಶ್ನೆಯನ್ನು ಬೆಳಗಿನ ಪೂಜೆ ಮುಗಿದ ಮೇಲೆ ಕೇಳಿದ. ಅಜ್ಜಾರು ಎಂದರೆ ಮಠದ ಗುರುಗಳು. ದೊಡ್ಡವರು, ಚಿಕ್ಕವರು ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅಡಿವೆಯ್ಯ ಅವರ ಶಿಷ್ಯ.

ಮಠದಲ್ಲಿ ಬೈಕಿನ ಮಾತು ಬರಲು ಕಾರಣವಿತ್ತು. ಮಠದ ಜೀಪು ಕೆಟ್ಟು ನಿಂತಿತ್ತು. ಇನ್ನು ಅದು ಏಳುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿಬಿಟ್ಟಿದ್ದ. ಗುರುಗಳು ಪ್ರತಿ ಸೋಮವಾರ ಗುಡ್ಡದಾಚೆಯ ಶಾಖಾಮಠಕ್ಕೆ ಹೋಗಿ ಪ್ರವಚನ ಹೇಳಬೇಕು. ಇನ್ನು ಮುಂದೆ ಅಡಿವೆಯ್ಯ ಬೈಕು ಓಡಿಸುವುದು, ಗುರುಗಳು ಹಿಂದೆ ಕೂರುವುದು ಎಂದು ತೀರ್ಮಾನವಾಗಿತ್ತು. ಬೈಕು ಕೊಡಿಸಲು ಭಕ್ತರೊಬ್ಬರು ಮುಂದೆ ಬಂದಿದ್ದರು. ಯಾವುದು ಬೇಕೋ ನೀನೇ ಆರಿಸಿಕೋ ಎಂದು ಅಡಿವೆಯ್ಯನಿಗೆ ಬಿಟ್ಟಿದ್ದರು.

"ನಿನ್ನ ಮನಸ್ಸಿನಲ್ಲಿ ಯಾವುದಿದೆ?" ಎಂದು ಗುರುಗಳು ಕೇಳಿದರು.

"ಪೇಟೆಯ ಅಂಗಡಿಯಲ್ಲಿ ಒಂದು ದೊಡ್ಡದು ಬಂದಿದೆ. ಅದರ ಶಬ್ದ ಕೇಳಿಯೇ ಜನ ಪಕ್ಕಕ್ಕೆ ಸರಿಯುತ್ತಾರೆ. ನೀವು ಬರುವುದು ಊರಿಗೆಲ್ಲ ಗೊತ್ತಾಗಬೇಕಲ್ಲ."

"ಕೊಟ್ಟಿಗೆಯಲ್ಲಿ ಒಂದು ನಿಂತಿದೆಯಲ್ಲ."

ಕೊಟ್ಟಿಗೆಯಲ್ಲಿ ನಿಂತಿದ್ದದ್ದು ಹಳೆಯ, ಸಣ್ಣ ಬೈಕು. ಮಠದ ಅಡುಗೆಯವರು ಅದರ ಮೇಲೆಯೇ ಓಡಿಸಲು ಕಲಿತಿದ್ದರು. ಅವರಿಗಿಂತ ಮೊದಲು ಇದ್ದವರೂ ಅದರ ಮೇಲೆಯೇ ಕಲಿತಿದ್ದರು. ಈಗಲೂ ಒಂದು ಒದೆತಕ್ಕೆ ಚಾಲೂ ಆಗುತ್ತಿತ್ತು.

"ಅದರ ಮೇಲೆ ಹೋದರೆ ಹಾಲಿನವರು ಬಂದರು ಅಂತ ಹೆಂಗಸರು ಚೊಂಬು ಹಿಡಿದು ಹೊರಗೆ ಬರುತ್ತಾರೆ, ಅಜ್ಜಾರೇ."

ಗುರುಗಳು ನಕ್ಕರು. ಕೂತುಕೋ ಎಂದು ಕೈ ತೋರಿಸಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹೋರಿ ಪಳಗಿಸುವುದರಲ್ಲಿ ಅವನದು ಎತ್ತಿದ ಕೈ. ಪಳಗಿಸುವುದು ಎಂದರೆ, ಹೆಗಲ ಮೇಲೆ ಎಂದೂ ನೊಗ ಹೊರದ ಎಳೆಯ ಹೋರಿಗೆ ನೇಗಿಲನ್ನೂ ಚಕ್ಕಡಿಯನ್ನೂ ಎಳೆಯಲು ಕಲಿಸುವುದು. ಸುತ್ತಲಿನ ಊರಿನವರೆಲ್ಲ ತಮ್ಮ ಹೋರಿಗಳನ್ನು ಅವನ ಬಳಿಗೇ ತರುತ್ತಿದ್ದರು.

ಅವನ ಕ್ರಮ ಒಂದೇ. ನೊಗದ ಒಂದು ಕಡೆ ಹೊಸ ಹೋರಿಯನ್ನು ಕಟ್ಟುವನು. ಇನ್ನೊಂದು ಕಡೆ ತನ್ನ ಹಳೆಯ ಎತ್ತನ್ನು ಕಟ್ಟುವನು. ಆ ಎತ್ತಿನದು ನಿಧಾನದ ನಡಿಗೆ. ನೋಡಲು ಚೆಂದವೂ ಇರಲಿಲ್ಲ, ಒಂದು ಕೊಂಬು ಮೊಂಡಾಗಿತ್ತು. ಆದರೆ ನಡೆ ಎಂದರೆ ನಡೆಯುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಹೊಸ ಹೋರಿ ಬೆದರಿ ಹಾರಿದಾಗ ಹಳೆಯದು ಕಾಲೂರಿ ನಿಂತುಬಿಡುತ್ತಿತ್ತು. ನೊಗ ಒಂದೇ ಆದ್ದರಿಂದ ಹೋರಿಯೂ ನಿಲ್ಲಲೇಬೇಕಾಗುತ್ತಿತ್ತು. ಮೊದಲು ಬರಿಯ ಕೊರಡನ್ನು ಎಳೆಸುವನು. ಅದು ಸಲೀಸಾದ ಮೇಲೆ ಖಾಲಿ ಚಕ್ಕಡಿ. ಕಡೆಗೆ ಹೇರು. ಹೀಗೆ ಕಲಿತ ಹೋರಿ ಮುಂದೆ ಯಾರ ಕೈಗೆ ಹೋದರೂ ತೊಂದರೆ ಕೊಡುತ್ತಿರಲಿಲ್ಲ.

ಒಂದು ದಿನ ಒಬ್ಬ ಯುವಕ ಎರಡು ಹೋರಿಗಳನ್ನು ಹೊಡೆದುಕೊಂಡು ಬಂದ. ಎರಡೂ ನೊಗ ಕಾಣದವು.

"ಕಾಕಾ, ಎರಡನ್ನೂ ಕೂಡಿಸಿ ಒಂದೇ ನೊಗಕ್ಕೆ ಕಟ್ಟಿಬಿಡು. ಕೆಲಸ ಬೇಗ ಆಗುತ್ತದೆ. ನಿನ್ನ ಮುದಿ ಎತ್ತಿಗೂ ಸ್ವಲ್ಪ ನಿದ್ದೆ ಸಿಗುತ್ತದೆ."

"ಎರಡೂ ಹೊಸವಾದರೆ ಯಾವುದು ಯಾವುದಕ್ಕೆ ಕಲಿಸಬೇಕು?" ಎಂದ ರೈತ. "ಒಂದು ಬೆದರಿದರೆ ಇನ್ನೊಂದು ಅದಕ್ಕಿಂತ ಹೆಚ್ಚು ಬೆದರುತ್ತದೆ. ನೊಗ ಮುರಿಯುತ್ತದೆ, ಇಲ್ಲವೆ ಕಾಲು ಮುರಿಯುತ್ತದೆ. ಒಂದನ್ನು ಬಿಟ್ಟು ಹೋಗು. ಇನ್ನೊಂದನ್ನು ಆಮೇಲೆ ತಾ."

ಅವನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಯುವಕ ಒಂದನ್ನು ಬಿಟ್ಟು ಹೋದ.

ಆ ರೈತನ ಹೆಂಡತಿ ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಿದ್ದಳು. ಆ ಊರಿಗೆ ಬಸ್ಸಿಲ್ಲ. ಅವಳು ನಡೆದೇ ಹೋಗುವಳು, ನಡೆದೇ ಬರುವಳು. ಆ ವರ್ಷ ಅವಳ ಮೊಣಕಾಲು ಹಿಡಿದುಕೊಂಡಿತು. ನಡೆಯಲು ಆಗದಿದ್ದರೆ ಕೆಲಸ ಬಿಡಬೇಕು. ಬಿಡಲು ಅವಳಿಗೆ ಮನಸ್ಸಿರಲಿಲ್ಲ. "ನಾನು ಸ್ವಲ್ಪ ತಡವಾದರೂ ಮಕ್ಕಳು ದಾರಿ ನೋಡಲು ಗೇಟು ಹತ್ತಿ ಕೂರುತ್ತವೆ" ಅನ್ನುತ್ತಿದ್ದಳು. ಚಕ್ಕಡಿಯಲ್ಲಿ ಬಿಟ್ಟು ಬರೋಣವೆಂದರೆ ಎತ್ತಿಗೆ ಹೊಲದಲ್ಲಿ ಕೆಲಸ. ಆದ್ದರಿಂದ ರೈತ ಒಂದು ಬೈಕು ಕೊಳ್ಳಲು ನಿರ್ಧರಿಸಿದ. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಕಲಿತರೆ ಬರುತ್ತದೆ ಎಂಬ ಧೈರ್ಯವಿತ್ತು. ಆ ಧೈರ್ಯ ತಪ್ಪಲ್ಲ.

ಅಂಗಡಿಯವನು ಮೊದಲು ಒಂದು ಹಳೆಯ, ಸಣ್ಣ ಬೈಕನ್ನು ತೋರಿಸಿದ.

"ಯಜಮಾನರೇ, ಇದರ ಮೇಲೆ ಕೂತು ನೋಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ತೂಕ ಕಡಿಮೆ, ಬಿದ್ದರೆ ಒಬ್ಬರೇ ಎತ್ತಬಹುದು. ನನ್ನ ತಮ್ಮಂದಿರಿಗೆ ಓಡಿಸಲು ಕಲಿಸಿದ್ದು ಇದೇ."

ರೈತ ಕೂತ. "ಆಡಿನ ಮೇಲೆ ಕೂತ ಹಾಗಿದೆ" ಎಂದು ಇಳಿದ.

ಆಮೇಲೆ ಅವನು ಅಲ್ಲಿದ್ದ ಬೈಕುಗಳನ್ನು ಸಂತೆಯಲ್ಲಿ ಹೋರಿ ನೋಡುವ ಹಾಗೆ ನೋಡುತ್ತ ಹೋದ. ಎದುರಿಗೆ ನಿಂತು ಎದೆಯ ಅಗಲ ನೋಡಿದ. ಪಕ್ಕಕ್ಕೆ ಬಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈಯಿಂದ ತಟ್ಟಿದ. ಚಾಲೂ ಮಾಡಿಸಿ ದನಿ ಕೇಳಿದ. ಎಲ್ಲಕ್ಕಿಂತ ಎತ್ತರವಾದ, ಭಾರವಾದ, ಗುಟುರು ಹಾಕುವ ಒಂದನ್ನು ಆರಿಸಿದ. ಹೊಚ್ಚ ಹೊಸದು. ಅದರ ಮೇಲೆ ಕೂತರೆ ಅವನ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು.

"ಮೊದಲು ಯಾವುದನ್ನಾದರೂ ಓಡಿಸಿದ್ದೀರಾ?" ಎಂದು ಅಂಗಡಿಯವನು ಕೇಳಿದ.

"ಎಂಥೆಂಥ ಹೋರಿಗಳನ್ನು ಪಳಗಿಸಿದವನು ನಾನು. ಇದಕ್ಕೆ ಕೊಂಬೂ ಇಲ್ಲ" ಎಂದ ರೈತ.

ಊರ ಹೊರಗಿನ ನೇರ ರಸ್ತೆಯಲ್ಲಿ ಅವನು ಕೆಲವು ದಿನ ಓಡಿಸಿದ. ಹೊರಡುವುದು ಬಂತು. ಗೇರ್ ಬದಲಿಸುವುದು ಬಂತು. ನೇರವಾಗಿ ಹೋಗುವುದಂತೂ ಬಹಳ ಚೆನ್ನಾಗಿ ಬಂತು. ಇಷ್ಟು ಸಾಕು ಎಂದುಕೊಂಡ. ನೇರ ರಸ್ತೆಯಲ್ಲಿ ಎಲ್ಲರಿಗೂ ಹಾಗೆಯೇ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಹೆಂಡತಿಗೆ ಹತ್ತಲು ಹೇಳಿದ. ಅವಳು ಬೈಕು ನೋಡಲಿಲ್ಲ, ಅವನ ಕಾಲು ನೋಡಿದಳು.

"ಕಾಲು ನೆಲಕ್ಕೆ ಸಿಗುವುದಿಲ್ಲವಲ್ಲ ರೀ."

"ಓಡುವ ಬೈಕಿಗೆ ನೆಲ ಯಾಕೆ? ಹತ್ತು."

ಅವಳ ಮೊಣಕಾಲು ನೋಯುತ್ತಿತ್ತು. ಶಾಲೆಯ ಹೊತ್ತಾಗಿತ್ತು. ಅವಳು ಹೆಲ್ಮೆಟ್ ಹಾಕಿಕೊಂಡು, ಕೊತ್ತಂಬರಿ ಕರಿಬೇವಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ದಾರಿ ಇಳಿಜಾರಾಗಿ ತಿರುಗುವ ಕಡೆ ಒಂದು ಕುರಿ ಹಿಂಡು ರಸ್ತೆ ದಾಟುತ್ತಿತ್ತು. ರೈತನಿಗೆ ಗಾಬರಿಯಾಯಿತು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಎತ್ತು ನಿಲ್ಲಬೇಕಾದರೆ ಹಗ್ಗವನ್ನು ಹಿಂದಕ್ಕೆ ಎಳೆಯಬೇಕು. ಬೈಕಿನ ಬಲಗಡೆಯ ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಇದು ರೈತನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಎತ್ತಿನ ಹಗ್ಗ ಹಿಡಿದ ಕೈ ಅದು. ಅವನು "ಹೋ, ಹೋ" ಎನ್ನುತ್ತ ಎರಡೂ ಕೈಯಿಂದ ಹಿಂದಕ್ಕೆ ಎಳೆದ.

ಸಣ್ಣ ಬೈಕಾಗಿದ್ದರೆ ಸ್ವಲ್ಪ ಮುಂದಕ್ಕೆ ಜಗ್ಗುತ್ತಿತ್ತು. ಬ್ರೇಕ್ ಇದೆ ಎಂದು ನೆನಪಾಗುವಷ್ಟು ಹೊತ್ತು ಕೊಡುತ್ತಿತ್ತು. ಇದು ದೊಡ್ಡದು. ಹಿಂದಕ್ಕೆ ಎಳೆದಷ್ಟೂ ಮುಂದಕ್ಕೆ ಹಾರಿತು. ಅದು ಹಾರಿದಷ್ಟೂ ಅವನು ಎಳೆದ. ಕುರಿಗಳನ್ನು ತಪ್ಪಿಸಲು ಪಕ್ಕಕ್ಕೆ ತಿರುಗಿಸಿದ. ಕುರಿಗಳು ಉಳಿದವು. ಬೈಕು ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು, ಮಣ್ಣಿನಲ್ಲಿ ನಿಧಾನವಾಗಿ ಒಂದು ಕಡೆ ವಾಲಿತು. ವಾಲುವ ಬೈಕನ್ನು ಕಾಲೂರಿ ತಡೆಯಬೇಕು. ಅವನು ಕಾಲು ಚಾಚಿದ. ನೆಲ ಸಿಗಲಿಲ್ಲ.

ಬೈಕು ಬಿತ್ತು. ಹೆಂಡತಿಯ ಮುಂಗೈ ಅದರ ಕೆಳಗೆ ಸಿಕ್ಕಿ ಮುರಿಯಿತು. ರೈತ ಎದ್ದು ಬೈಕನ್ನು ಎತ್ತಲು ನೋಡಿದ. ಅದು ಅಲುಗಲಿಲ್ಲ. ಅವಳ ಕೈ ಅದರ ಕೆಳಗೇ ಇತ್ತು.

ಆ ಹೊತ್ತಿಗೆ ಅದೇ ದಾರಿಯಲ್ಲಿ ಆ ಯುವಕ ಚಕ್ಕಡಿ ಹೊಡೆದುಕೊಂಡು ಬಂದ. ನೊಗದಲ್ಲಿ ರೈತನು ಪಳಗಿಸಿ ಕೊಟ್ಟ ಹೋರಿಯೂ ಇತ್ತು. ಯುವಕ ಹಗ್ಗ ಬಿಟ್ಟು ಕೆಳಗೆ ಹಾರಿ ಓಡಿ ಬಂದರೂ ಹೋರಿ ನಿಂತಲ್ಲೇ ನಿಂತಿತ್ತು. ಇಬ್ಬರೂ ಕೂಡಿ ಬೈಕನ್ನು ಎತ್ತಿದರು. ಅವಳನ್ನು ಚಕ್ಕಡಿಯಲ್ಲಿ ಕೂರಿಸಿದರು.

"ಏನಾಯಿತು ಕಾಕಾ?" ಎಂದು ಯುವಕ ಕೇಳಿದ.

"ಬೈಕು ಬೆದರಿತು."

ಹೆಂಡತಿ ತನ್ನ ಮುರಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. "ಬೆದರಿದ್ದು ಬೈಕಲ್ಲ" ಎಂದಳು. "ಅದು ನಿಮ್ಮ ಕೈ ಹೇಳಿದ್ದನ್ನೇ ಮಾಡಿತು."

ಚಕ್ಕಡಿ ಆಸ್ಪತ್ರೆಯ ಕಡೆ ಹೊರಟಿತು. ಆ ದಿನ ಶಾಲೆಯ ಮಕ್ಕಳು ಗೇಟಿನ ಮೇಲೆ ಬಹಳ ಹೊತ್ತು ಕೂತಿದ್ದವು.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

"ಆಮೇಲೆ ಅವನು ಬೈಕಿನ ಸಹವಾಸವನ್ನೇ ಬಿಟ್ಟನೇ?" ಎಂದು ಅಡಿವೆಯ್ಯ ಕೇಳಿದ.

"ಯಾಕೆ ಬಿಡುತ್ತಾನೆ? ಪಳಗಿಸುವುದು ಗೊತ್ತಿದ್ದವನು ಅವನು" ಎಂದರು ಗುರುಗಳು. "ಅದೇ ಅಂಗಡಿಗೆ ಹೋಗಿ ದೊಡ್ಡದನ್ನು ಕೊಟ್ಟು, ಆಡು ಎಂದು ಜರಿದಿದ್ದ ಆ ಸಣ್ಣದನ್ನು ತಂದ. ಕಣದಲ್ಲಿ ಅದನ್ನು ಸುತ್ತಿಸಿದ. ಈ ಸಲ ಹೋಗುವುದಕ್ಕಿಂತ ಮೊದಲು ನಿಲ್ಲಿಸುವುದನ್ನು ಕಲಿತ. ಹಗ್ಗ ಎಳೆಯುವ ಅಭ್ಯಾಸವನ್ನು ಕೈ ಮರೆಯುವ ತನಕ ನಿಲ್ಲಿಸಿದ, ಹೊರಟ, ನಿಲ್ಲಿಸಿದ. ಆಮೇಲೆ ಹಿಂದಿನ ಸೀಟಿಗೆ ಜೋಳದ ಚೀಲ ಕಟ್ಟಿಕೊಂಡು ಇಳಿಜಾರಿನಲ್ಲಿ ಓಡಿಸಿದ. ಹೆಂಡತಿಗೆ ಮಾತ್ರ ಹತ್ತು ಎಂದು ಹೇಳಲಿಲ್ಲ. ಅವಳ ಕೈ ಕೂಡಿತು, ಅವಳು ಮತ್ತೆ ಕುಂಟುತ್ತ ನಡೆದು ಹೋಗತೊಡಗಿದಳು. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅವನ ಓಡಾಟ ನೋಡುತ್ತಿದ್ದಳು. ಒಂದು ಬೆಳಿಗ್ಗೆ ತಾನೇ ಕೊತ್ತಂಬರಿ ಚೀಲ ಹಿಡಿದು ಬಂದಳು. ಜೋಳದ ಚೀಲವನ್ನು ಬಿಚ್ಚಿ ಕೆಳಗಿಟ್ಟಳು. ಅದರ ಜಾಗದಲ್ಲಿ ಕೂತಳು."

ಕತೆ ಮುಗಿಯಿತು. ಅಡಿವೆಯ್ಯನಿಗೆ ಇನ್ನೂ ದೊಡ್ಡ ಬೈಕಿನ ಮೇಲೆಯೇ ಮನಸ್ಸಿತ್ತು. ಕತೆಯಿಂದ ತಪ್ಪಿಸಿಕೊಳ್ಳಲು ಒಂದು ದಾರಿಯೂ ಕಂಡಿತು.

"ಅಜ್ಜಾರೇ, ಅದು ಅವನ ಕೈಯ ತಪ್ಪು. ಹಗ್ಗ ಎಳೆದು ಎಳೆದು ರೂಢಿಯಾದ ಕೈ. ನಾನು ಎತ್ತು ಕಟ್ಟಿದವನಲ್ಲ. ನನ್ನ ಕೈಗೆ ಅಂಥ ರೂಢಿ ಯಾವುದೂ ಇಲ್ಲ. ಬೈಕೂ ಹೊಸದು, ನಾನೂ ಹೊಸಬ. ಇಬ್ಬರೂ ಕೂಡಿಯೇ ಕಲಿತುಬಿಡುತ್ತೇವೆ."

ಗುರುಗಳು ಬೆತ್ತ ಹಿಡಿದು ಎದ್ದು ನಿಂತರು. ಹೆಗಲ ಶಾಲು ಸರಿಮಾಡಿಕೊಂಡರು.

"ಹಾಗಾದರೆ ಸೋಮವಾರ ನಾನು ಹಿಂದೆ ಕೂತಾಗ, ನಿಮ್ಮಿಬ್ಬರ ನೊಗದಲ್ಲಿ ಹಳೆಯ ಎತ್ತು ಯಾವುದು, ಅಡಿವೆಯ್ಯಾ?"