ಬರಿಗೈ ಬಿಟ್ಟು ಏಳೋ ಹಂಗಿಲ್ಲ

"ಮೇಷ್ಟ್ರೆ, ಮನಸ್ಸು ಬಿದ್ದೋದ್ರೆ ಎತ್ತೋದು ಹೆಂಗೆ?" ಅಂತ ಪುಟ್ಟಮಾದು ಕೇಳ್ದ.

ಪುಟ್ಟಮಾದು ಓಲಗ ಊದೋ ಗಟ್ಟಿ ಆಳು. ಅವನಿಗೆ ಓಲಗ ಕಲಿಸಿದೋರು ಗುಳ್ಳಯ್ಯ ಮೇಷ್ಟ್ರು. ಎರಡು ತಿಂಗಳಿಂದ ಪುಟ್ಟಮಾದುಗೆ ಊಟ ಸೇರ್ತಿರ್ಲಿಲ್ಲ, ನಿದ್ದೆ ಹತ್ತುತ್ತಿರ್ಲಿಲ್ಲ, ಊದಿದ್ರೆ ಸ್ವರಕ್ಕೆ ಜೀವ ಬರ್ತಿರ್ಲಿಲ್ಲ. ಯಾಕೆ ಹಿಂಗೆ ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ನಾಡಿದ್ದಿನ ಮದುವೆಗೆ ಊದೋಕೆ ಬರಾಕಿಲ್ಲ, ಇನ್ಮೇಲೆ ಓಲಗದ ಮೇಳದ ಸಾವಾಸಾನೇ ಬ್ಯಾಡ, ಅಂತ ಹೇಳಿ ಹೋಗೋಕೆ ಅವತ್ತು ಮೇಷ್ಟ್ರ ಮನೆಗೆ ಬಂದಿದ್ದ.

"ಮನಸ್ಸು ನೆಟ್ಟಗಾಗ್ಲಿ, ಆಮೇಲೆ ನೋಡಾನ," ಅಂದ.

"ಆಮೇಲೆ ಏನ್ಲಾ ನೋಡೋದು, ನನ್ ಹೆಣವಾ?" ಅಂದ್ರು ಮೇಷ್ಟ್ರು. "ಕೂತ್ಕೊ. ಸುತ್ತ ಎಂಟು ಹಳ್ಳೀಲಿ ನನ್ನಷ್ಟು ಓಲಗ ಊದಿದೋನೂ ಇಲ್ಲ, ನನ್ನಂಗೆ ಕತೆ ಹೇಳೋನೂ ಇಲ್ಲ. ಅಕ್ಷರ ಬರಾಕಿಲ್ಲ, ಅದು ಬ್ಯಾರೆ ಮಾತು. ಕೇಳು."

ಪುಟ್ಟಮಾದು ಕೂತ. ಮೇಷ್ಟ್ರು ಶುರು ಮಾಡಿದ್ರು.

ಒಬ್ಬ ಬಳೆಗಾರ. ಹೆಗಲ ಮೇಲೆ ಬಳೆ ಸರಗಳ ಮಲಾರ ಹೊತ್ಕೊಂಡು ಊರೂರು ತಿರುಗೋನು. ಬಾಯಿ ಅಂದ್ರೆ ಬಾಯಿ ಅವನದು. ಅವನು ಬೀದಿಗೆ ಬಂದು ಕೂತ್ರೆ ಒಲೆ ಮೇಲಿನ ಸಾರು ಸೀದೋದ್ರೂ ಹೆಂಗಸ್ರು ಏಳ್ತಿರ್ಲಿಲ್ಲ. ಅಂಥೋನ ಮನಸ್ಸು ಒಂದಿನ ಕುಸೀತು. ಹೆಂಡ್ತಿ ಒಳ್ಳೇಳು, ಮಕ್ಕಳು ಚೆನ್ನಾಗವೆ, ಮನೆ ಸೋರಾಕಿಲ್ಲ, ಮೈಗೆ ಕಾಯಿಲೆ ಇಲ್ಲ. ಆದ್ರೂ ಕಂಬಳಿ ಎಳ್ಕೊಂಡು ಮಲಗ್ದ. ಇದು ಯಾಕೆ ಬಂತು, ಯಾಕೆ ಬಂತು ಅಂತ ಸೂರು ನೋಡ್ಕೊಂಡು ಕೇಳ್ದ. ಸೂರು ಏನು ಹೇಳ್ತದೆ?

"ನನ್ ತರಾನೇ," ಅಂದ ಪುಟ್ಟಮಾದು.

"ಮಧ್ಯೆ ಬಾಯಿ ಹಾಕ್ಬ್ಯಾಡ," ಅಂದ್ರು ಮೇಷ್ಟ್ರು.

ಬಳೆಗಾರನ ಹೆಂಡ್ತಿ ಅಂದ್ಲು: "ವ್ಯಾಪಾರ ಬ್ಯಾಡ. ಊರ ಮುಂದಿನ ಕಟ್ಟೆಗಂಟ ಹೋಗಿ, ಒಂದ್ ಗಳಿಗೆ ಕೂತು ಬನ್ನಿ, ಸಾಕು." ಅವನು, "ಮನಸ್ಸಿಲ್ದೆ ಕಾಲು ಏಳಾಕಿಲ್ಲ ಕಣೆ," ಅಂದ. ಮಳೆಗಾಲ ಪೂರ್ತಿ ಹಿಂಗೇ ಹೋಯ್ತು. ಕೊನೆಗೆ ಮಲಾರಾನ ಭಾಮೈದನ ಕೈಗೆ ಕೊಟ್ಟು, ಕಸುಬಿಗೇ ಕೈ ಮುಗಿದುಬಿಡೋಣ ಅಂತ ಅದನ್ನ ಹೊತ್ಕೊಂಡು ಪಕ್ಕದೂರಿಗೆ ಹೊಂಟ.

ದಾರೀಲಿ ಒಬ್ಬಳು ಮುದುಕಿ ಜಗಲಿ ಮೇಲಿಂದ ಕೂಗಿದ್ಲು: "ಏ ಬಳೆ ಶೆಟ್ಟಿ! ನೀನು ಸತ್ತೋದೆ ಅಂದ್ಕೊಂಡಿದ್ದೆ. ಬಾ ಇಲ್ಲಿ. ನಾಳೆ ಮೊಮ್ಮಗಳ ಸೀಮಂತ. ಬೆಳಿಗ್ಗೆ ಮುದ್ದೆ ತೊಳಸುವಾಗ ಬಲಗೈ ಬಳೆ ಎಲ್ಲಾ ಹೋದ್ವು. ತೊಡಿಸು." ಅಂದೋಳೇ ಕೈ ನೀಡಿದ್ಲು.

ಮುತ್ತೈದೆ ಬರಿಗೈ ನೀಡಿದ್ರೆ ಬಳೆಗಾರ ಬ್ಯಾಡ ಅನ್ನೋ ಹಂಗಿಲ್ಲ. ಹಿಡಿದ ಕೈಗೆ ಬಳೆ ಏರೋಗಂಟ ಏಳೋ ಹಂಗೂ ಇಲ್ಲ. ಆ ಕಸುಬಿನ ಕಟ್ಟಳೆ ಅದು. ಬಳೆಗಾರ ಕೂತ, ಕೈ ಹಿಡ್ದ. ಐವತ್ತು ವರ್ಷ ಮುದ್ದೆ ತೊಳಸಿದ ಕೈ, ಒಂದೊಂದು ಗೆಣ್ಣೂ ಗೋಲಿಯಷ್ಟು ದಪ್ಪ. ಮೊದಲ್ನೇ ಬಳೆ ಗೆಣ್ಣಿಗೆ ಬಂದು ಚಟ್ ಅಂತು. ಎರಡ್ನೇದೂ ಚಟ್. ಮೂರ್ನೇದು ಮುದುಕಿ ಚರ್ಮ ಗೀರಿ ಮುರೀತು. ಬಳೆಗಾರನ ಹಣೆ ಬೆವರ್ತು. ಹೊಸದಾಗಿ ಮಲಾರ ಹೊತ್ತಾಗ್ಲೂ ಅವನು ಒಬ್ಬರ ಕೈಗೆ ತೊಡಿಸೋಕೆ ಹೋಗಿ ಮೂರು ಬಳೆ ಒಡೆದೋನಲ್ಲ. ಎದ್ದು ಓಡೋಣ ಅಂದ್ರೆ ಮುದುಕಿ ಕೈ ಇನ್ನೂ ಬರಿದು.

"ನನ್ ಕೈನ ಹಂಗ್ಯಾಕೆ ಗುರಾಯಿಸ್ತೀಯ? ಅದೇನು ನಿಮ್ಮತ್ತೆ ಮುಖವಾ?" ಅಂದ್ಲು ಮುದುಕಿ. "ನೀನು ಗುರಾಯಿಸ್ದಷ್ಟೂ ನಾನು ಬಿಗಿ ಹಿಡೀತೀನಿ. ಮೊದ್ಲೆಲ್ಲ ನೀನು ನನ್ ತೌರೂರು, ನನ್ ಎಮ್ಮೆ, ನನ್ ಅಳಿಯ, ಎಲ್ಲಾರ್ನೂ ವಿಚಾರಿಸ್ತಿದ್ದೆ. ಮಾತಾಡ್ತಾ ಆಡ್ತಾ ಕೈ ಸಡ್ಲಾಗೋದು, ಬಳೆ ಏರಿದ್ದೇ ಗೊತ್ತಾಗ್ತಿರ್ಲಿಲ್ಲ."

"ಮನಸ್ಸು ಸರಿಯಿಲ್ಲ ಅಜ್ಜಿ. ಮಾತು ಎಲ್ಲಿಂದ ತರ್ಲಿ?"

"ನಿನ್ ಮನಸ್ಸು ಯಾರಿಗೆ ಬೇಕು? ಎಮ್ಮೆ ಹೆಂಗದೆ ಅಂತ ಕೇಳು. ಅದಕ್ಕೆ ಬಾಯಿ ಇದ್ರೆ ಸಾಕು."

ಸಪ್ಪೆ ದನೀಲಿ, ಬೇಕೋ ಬೇಡ್ವೋ ಅಂತ ಅವನು ಕೇಳ್ದ: "ಎಮ್ಮೆ ಹೆಂಗದೆ?"

"ಅಯ್ಯೋ, ಆ ಮುಂಡೇದರ ಸುದ್ದಿ ಯಾಕೆ ಕೇಳ್ತೀಯ!" ಅಂತ ಮುದುಕಿ ಶುರು ಹಚ್ಕೊಂಡ್ಲು. ಮನೆಗೆ ಹೊಸ ಅಳಿಯ, ಮೊಮ್ಮಗಳ ಗಂಡ, ಬಂದಿದ್ನಂತೆ. ತಂದಿದ್ದ ಒಂದೇ ಒಂದು ಜರಿಪಂಚೆ ಒಗೆದು ಬೇಲಿಗೆ ಹಾಕಿದ್ನಂತೆ. ಎಮ್ಮೆ ಹೋಗಿ ಅರ್ಧ ಪಂಚೆ ನುಂಗಿ, ಇನ್ನರ್ಧ ಬಾಯಲ್ಲಿ ಇಳಿಬಿಟ್ಕೊಂಡು ಕೆರೆಗೆ ಇಳೀತಂತೆ. ಅಳಿಯ ಟವಲು ಸುತ್ಕೊಂಡು ದಡದಲ್ಲಿ ನಿಂತು, "ಬಾರೆ ತಾಯಿ, ಬಾರಮ್ಮ," ಅಂತ ಎಮ್ಮೆಗೆ ಕೈ ಮುಗೀತಿದ್ನಂತೆ.

"ಪಂಚೆ ಸಿಕ್ತಾ?" ಅಂತ ಬಳೆಗಾರ ಕೇಳ್ದ. ಈ ಸಲ ಅವನಿಗೆ ನಿಜ್ವಾಗ್ಲೂ ಗೊತ್ತಾಗ್ಬೇಕಿತ್ತು.

"ಮೂರು ದಿನ ಬಿಟ್ಟು ಸಿಕ್ತು. ಯಾವ ಕಡೆಯಿಂದ ಅಂತ ಮಾತ್ರ ಕೇಳ್ಬ್ಯಾಡ."

ಬಳೆಗಾರನ ಮೂಗಿಂದ ಪುಸಕ್ ಅಂತ ನಗು ಹಾರ್ತು. ತಡ್ಕೊಳ್ಳೋಕೆ ನೋಡ್ದ, ಆಗ್ಲಿಲ್ಲ. ಹೆಗಲ ಮೇಲಿನ ಮಲಾರ ಎಲ್ಲಾ ಗಲಗಲ ಅನ್ನೋ ಹಂಗೆ ನಕ್ಕ. ಆಮೇಲೆ ಕಣ್ಣು ಒರೆಸ್ಕೊಂಡು ನೋಡ್ತಾನೆ, ಮುದುಕಿ ಕೈಯಲ್ಲಿ ಒಂದು ಡಜನ್ ಹಸಿರು ಬಳೆ! ಯಾವಾಗ ಏರಿಸಿದ್ನೋ ಅವನಿಗೇ ಗೊತ್ತಿಲ್ಲ.

ಮುದುಕಿ ಒಂದು ಲೋಟ ಮಜ್ಜಿಗೆ ಕೊಟ್ಲು. ಕುಡಿದು, "ಉಪ್ಪು ಜಾಸ್ತಿ ಆಯ್ತು," ಅಂದ.

"ಕೊಟ್ಟಿದ್ದು ಕುಡಿಯೋ ನನ್ ಮಗನೆ," ಅಂದ್ಲು ಮುದುಕಿ.

ಮೇಷ್ಟ್ರು ಅಲ್ಲಿಗೆ ಕತೆ ನಿಲ್ಲಿಸಿ ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡ್ರು. ಪುಟ್ಟಮಾದು ಅವ್ರ ಕಡೆಗೆ ಬಗ್ಗಿ ಕೂತಿದ್ದ.

"ಹಂಗಾರೆ ಅವನ ಬ್ಯಾಸರ ಅವತ್ತೇ ಹೋಯ್ತಾ ಮೇಷ್ಟ್ರೆ?"

"ಹೋಯ್ತೋ ಇಲ್ವೋ ನೋಡ್ಕೊಳ್ಳೋಕೆ ಅವನಿಗೆಲ್ಲಿತ್ಲಾ ಪುರುಸೊತ್ತು, ಎದುರುಮನೆಯೋಳು ಆಗ್ಲೇ ಕೈ ನೀಡ್ಕೊಂಡು ಕೂತಿದ್ಲು."

"ನಾಡಿದ್ದು ಮದುವೆಗೆ ಎಷ್ಟೊತ್ತಿಗೆ ಹೊರಡೋದು ಮೇಷ್ಟ್ರೆ?" ಅಂದ ಪುಟ್ಟಮಾದು.